ಹೊಸ ವಾಷಿಂಗ್ ಮೆಷಿನ್ ನಡುಗುವುದು ಸಹಜವೇ?

ಅಡುಗೆಮನೆ ಕಟ್ಟೆಯ ಕೆಳಗೆ ಕೂರಿಸಿದ ಹೊಸ ಫ್ರಂಟ್ ಲೋಡ್ ಮೆಷಿನ್ ಜೋರಾಗಿ ನಡುಗಿದರೆ ‘ಹೊಸದರಲ್ಲಿ ಹಾಗೇ, ಆಮೇಲೆ ಸರಿಹೋಗುತ್ತದೆ’ ಎನ್ನುವವರಿದ್ದಾರೆ. ಇದು ತಪ್ಪು.

ಸಾಗಿಸುವಾಗ ಡ್ರಮ್ ಅಲುಗಾಡದಿರಲೆಂದು ಕಾರ್ಖಾನೆಯಲ್ಲೇ ಹಿಂಭಾಗದಲ್ಲಿ ಉದ್ದನೆಯ ಬೋಲ್ಟ್‌ ಬಿಗಿದಿರುತ್ತಾರೆ. ಅವನ್ನು ತೆಗೆಯದಿದ್ದರೆ ಕುಲುಕಾಟ ಹೀರುವ ಸ್ಪ್ರಿಂಗ್‌ಗಳು ಕೆಲಸ ಮಾಡುವುದಿಲ್ಲ. 1200 ಆರ್‌ಪಿಎಂ ಎಂದರೆ ಸೆಕೆಂಡಿಗೆ 20 ಸುತ್ತು; ಅಷ್ಟೂ ಹೊಡೆತ ನೇರವಾಗಿ ಮೆಷಿನ್‌ಗೆ, ಕಟ್ಟೆಗೆ ಬೀಳುತ್ತದೆ. ಮೆಷಿನ್ ಕೆಡಬಹುದು. ರಬ್ಬರ್ ಪ್ಯಾಡ್ ಇದಕ್ಕೆ ಮದ್ದಲ್ಲ.

ಏನು ಮಾಡಬೇಕು? ಪ್ಲಗ್ ಕಿತ್ತು, ಮೆಷಿನ್ ಹೊರಗೆಳೆದು ನೋಡಿ. ಬೋಲ್ಟ್ ಇದ್ದರೆ ಬಿಚ್ಚಿಸಿ, ಎತ್ತಿಡಿ. ಮನೆ ಬದಲಿಸುವಾಗ ಬೇಕಾಗುತ್ತವೆ. ನಾಲ್ಕೂ ಕಾಲುಗಳನ್ನು ಸಮಮಾಡಿ ನಟ್ ಬಿಗಿಮಾಡಿ. ಪಕ್ಕದ ಕಪಾಟಿಗೆ ತಾಗದಿರಲಿ. ಇಷ್ಟಾದರೂ ನಡುಗಿದರೆ ಬಟ್ಟೆ ನೋಡಿ: ಒಂದೇ ದಪ್ಪ ಹೊದಿಕೆ ಹಾಕಿದರೆ ಭಾರ ಒಂದೆಡೆ ಸೇರುತ್ತದೆ.