ಭಾಷಣಕ್ಕೆ ಮೊದಲು ಸಂಘ ಬೇಕು

1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮಾಡಿದ ಭಾಷಣ ನಿಮಗೆಲ್ಲ ಗೊತ್ತು. ಅಂದು ಅಲ್ಲಿ ಸೇರಿದ್ದ ಎರಡೂವರೆ ಲಕ್ಷ ಜನರ ಆ ಮೆರವಣಿಗೆಯ ಮುಖಂಡ ಯಾರು, ಗೊತ್ತೇ? 74 ವರ್ಷದ ಕಾರ್ಮಿಕ ನಾಯಕ ಎ. ಫಿಲಿಪ್ ರಾಂಡಾಲ್ಫ್!

ಅಮೆರಿಕದ ಪುಲ್‌ಮನ್ ಕಂಪನಿಯ ಸ್ಲೀಪರ್ ಬೋಗಿಗಳಲ್ಲಿ ಹಾಸಿಗೆ ಹಾಸುವ, ಬೂಟು ಒರೆಸುವ ಪೋರ್ಟರುಗಳು ಬಹುತೇಕ ಕಪ್ಪು ಜನ. ತಿಂಗಳಿಗೆ 400 ಗಂಟೆ ದುಡಿತ. ಸಂಬಳ ಸಾಲದೆ ಟಿಪ್ಸಿಗೆ ಕೈಚಾಚಬೇಕು. ಅವರ ಹೆಸರನ್ನೂ ಕೇಳುವವರಿಲ್ಲ. ಕಂಪನಿ ಕಟ್ಟಿದ ಜಾರ್ಜ್ ಪುಲ್‌ಮನ್‌ನ ಹೆಸರು ಹಿಡಿದು ಪ್ರಯಾಣಿಕರು ಎಲ್ಲರನ್ನೂ 'ಜಾರ್ಜ್' ಎಂದೇ ಕರೆಯುತ್ತಿದ್ದರು. ಧಣಿಯ ಹೆಸರಲ್ಲಿ ಆಳನ್ನು ಕರೆಯುವ ಗುಲಾಮಗಿರಿಯ ಚಾಳಿ!

1925ರಲ್ಲಿ ಇವರು ಸಂಘ ಕಟ್ಟಲು ರಾಂಡಾಲ್ಫರನ್ನು ಕರೆದರು. ಯಾಕೆ? ಅವರು ಪೋರ್ಟರ್ ಅಲ್ಲ, ಪತ್ರಿಕೆ ನಡೆಸುತ್ತಿದ್ದವರು. ಕಂಪನಿ ಅವರನ್ನು ಕೆಲಸದಿಂದ ಕಿತ್ತುಹಾಕುವಂತಿರಲಿಲ್ಲ! ಸಂಘ ಸೇರಿದವರನ್ನು ಕಂಪನಿ ಮನೆಗೆ ಕಳಿಸಿತು, ಬೇಹುಗಾರರನ್ನು ಬಿಟ್ಟಿತು. ಕೊನೆಗೆ ಒಪ್ಪಂದಕ್ಕೆ ಸಹಿ ಬಿದ್ದದ್ದು 1937ರಲ್ಲಿ. ಹನ್ನೆರಡು ವರ್ಷ!

ಆಮೇಲೆ ನೋಡಿ ಆ ಸಂಘದ ತಾಕತ್ತು. 1941ರಲ್ಲಿ ಯುದ್ಧಸಾಮಗ್ರಿ ಕಾರ್ಖಾನೆಗಳು ಕಪ್ಪು ಜನರಿಗೆ ಬಾಗಿಲು ಹಾಕಿದ್ದಾಗ, ಒಂದು ಲಕ್ಷ ಜನರನ್ನು ರಾಜಧಾನಿಗೆ ತರುವುದಾಗಿ ರಾಂಡಾಲ್ಫ್ ಎಚ್ಚರಿಸಿದರು. ಅಧ್ಯಕ್ಷ ರೂಸ್‌ವೆಲ್ಟ್ ಮಣಿದರು. ಜೂನ್ 25ರಂದು ತಾರತಮ್ಯ ನಿಷೇಧಿಸುವ ಆಜ್ಞೆ ಹೊರಬಿತ್ತು. ಮೆರವಣಿಗೆ ಹೊರಡುವ ಅಗತ್ಯವೇ ಬೀಳಲಿಲ್ಲ! 1948ರಲ್ಲಿ ಸೈನ್ಯದ ವರ್ಣಭೇದ ತೊಲಗಿಸಲು ಟ್ರೂಮನ್ ಹೊರಡಿಸಿದ ಆಜ್ಞೆಯ ಹಿಂದೆಯೂ ರಾಂಡಾಲ್ಫರ ಒತ್ತಡವಿತ್ತು.

1955ರಲ್ಲಿ ಮಾಂಟ್ಗೊಮರಿಯ ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಡದ ರೋಸಾ ಪಾರ್ಕ್ಸ್ ಬಂಧನವಾದಾಗ ಜಾಮೀನಿಗೆ ಓಡಿದ ಇ. ಡಿ. ನಿಕ್ಸನ್ ಇದೇ ಸಂಘದ ಪೋರ್ಟರ್. ಆಗ ನಡೆದ 381 ದಿನಗಳ ಬಸ್ ಬಹಿಷ್ಕಾರದಲ್ಲೇ ಯುವಕ ಕಿಂಗ್ ನಾಯಕರಾದದ್ದು.

1963ರ ಮೆರವಣಿಗೆಯ ಹೆಸರೇ 'ಉದ್ಯೋಗ ಮತ್ತು ಸ್ವಾತಂತ್ರ್ಯಕ್ಕಾಗಿ'. ಉದ್ಯೋಗ ಮೊದಲು! ಹಕ್ಕು ಬೇರೆ, ಅನ್ನ ಬೇರೆ ಅಲ್ಲವೆಂದು ರಾಂಡಾಲ್ಫ್ ಬಲ್ಲರು. ಮರುವರ್ಷ ಬಂದ ನಾಗರಿಕ ಹಕ್ಕುಗಳ ಕಾಯ್ದೆ ಕೆಲಸದಲ್ಲಿನ ತಾರತಮ್ಯವನ್ನೂ ನಿಷೇಧಿಸಿತು.

ಗೆಳೆಯರೇ, ಮೈಕು ಹಿಡಿಯುವ ಆಸೆ ಎಲ್ಲರಿಗೂ ಇದೆ. ಮನೆಮನೆ ಅಲೆದು ಸದಸ್ಯರನ್ನು ಮಾಡಿ, ಹನ್ನೆರಡು ವರ್ಷ ಕಾಯುವವರು ಎಷ್ಟು ಮಂದಿ? ಪ್ರೆಸ್ ನಡೆಸುವವನು ಹೇಳುತ್ತಿದ್ದೇನೆ: ಕರಪತ್ರದ ಆಯುಸ್ಸು ಒಂದು ದಿನ. ಮುಂದಿನ ಸಲ ಕರಪತ್ರ ಹಾಕಿಸಲು ಬಂದಾಗ ಸದಸ್ಯತ್ವದ ರಸೀದಿ ಪುಸ್ತಕವನ್ನೂ ಹಾಕಿಸಿ. ಅದು ಖಾಲಿಯಾಗುವವರೆಗೆ ಬೀದಿ ಸುತ್ತಿ.