ಹೊಗೆಗೂಡಿನೊಳಗಿನ ನೀರಿನ ಟ್ಯಾಂಕು

ಮನೆ ಕಟ್ಟಿಸಲು ಹೊರಟವರ ಬಾಯಲ್ಲಿ ಈಚೆಗೆ ಪಾಯಕ್ಕಿಂತ ಮೊದಲು ಬರುವ ಮಾತು 'ಎಲಿವೇಶನ್'. ನಕ್ಷೆ ಬರೆಯುವವರ ಭಾಷೆಯಲ್ಲಿ ಅದಕ್ಕೆ ಸರಳವಾದ ಅರ್ಥವಿದೆ: ಗೋಡೆಗೆ ನೇರ ಎದುರು ನಿಂತಂತೆ ಬರೆದ ಚಿತ್ರ. ಆ ಲೆಕ್ಕದಲ್ಲಿ ಒಂದು ಮನೆಗೆ ಕಡಿಮೆಯೆಂದರೂ ನಾಲ್ಕು ಎಲಿವೇಶನ್ ಇರಬೇಕು, ಬಚ್ಚಲಿನ ಪೈಪು ಇಳಿಯುವ ಹಿಂಗೋಡೆಯದೂ ಸೇರಿ. ಕನ್ನಡದ ಬಳಕೆಯಲ್ಲಿ ಈ ಪದ ಮೊದಲು ಬೀದಿಗೆ ಕಾಣುವ ಒಂದೇ ಗೋಡೆಗೆ ಕುಗ್ಗಿತು. ಆಮೇಲೆ ಆ ಗೋಡೆಯಿಂದಲೂ ಕಳಚಿಕೊಂಡು, ಅದರ ಮೇಲೆ ಅಂಟಿಸುವ ಸಾಮಾನಾಯಿತು. ಗೃಹಪ್ರವೇಶಕ್ಕೆ ಬಂದ ನೆಂಟರು 'ಎಲಿವೇಶನ್ ಯಾರ ಹತ್ತಿರ ಮಾಡಿಸಿದಿರಿ?' ಎಂದು ಕೇಳುತ್ತಾರೆ. ಅಂಗಡಿಯಲ್ಲಿ 'ಎಲಿವೇಶನ್ ಟೈಲ್ಸ್' ಎಂದರೆ ಡಬ್ಬಿ ಬಿಚ್ಚಿ ತೋರಿಸುತ್ತಾರೆ. ಪದದ ಅರ್ಥ ಹೋದ ದಾರಿಯಲ್ಲೇ ಮನೆಯೂ ಹೋಯಿತು.

ಈ ಅಂಟಿಸುವ ಮುಖಗಳಲ್ಲಿ ಈಗ ಹೆಚ್ಚು ಬೇಡಿಕೆಯಿರುವುದು 'ಹಳೆಯ ಕಾಲದ ಕಾಟೇಜ್' ಮುಖಕ್ಕೆ. ಮುಂಬಯಿ, ಪುಣೆಯವರು ಲೋಣಾವಳದ ಕಡೆ ಕಟ್ಟಿಸುವ ವಾರಾಂತ್ಯದ ಮನೆ, ಹೈದರಾಬಾದಿನ ಹೊರವಲಯದ ವಿಲ್ಲಾ, ಚೆನ್ನೈಯಲ್ಲಿ ಮೂವತ್ತು ವರ್ಷ ದುಡಿದವರು ನಿವೃತ್ತಿಗೆಂದು ಮೈಸೂರಿನಲ್ಲೋ ಧಾರವಾಡದಲ್ಲೋ ಕಟ್ಟಿಸುವ ಮನೆ, ಎಲ್ಲಕ್ಕೂ ಅದೇ ಪಟ್ಟಿ. ಇಳಿಜಾರಾದ ಕಾಂಕ್ರೀಟ್ ಸ್ಲ್ಯಾಬಿನ ಮೇಲೆ ಸಿಮೆಂಟಿನಲ್ಲಿ ಹೂತ ಹೆಂಚು. ಒಂದೇ ದೊಡ್ಡ ಗಾಜಿನ ಮೇಲೆ ಚೌಕ ಚೌಕವಾಗಿ ಅಂಟಿಸಿದ ಪ್ಲಾಸ್ಟಿಕ್ ಪಟ್ಟಿ. ಕಿಟಕಿಯ ಎರಡೂ ಬದಿಗೆ, ಎಂದೂ ಮುಚ್ಚಲಾಗದಂತೆ ಗೋಡೆಗೇ ಸ್ಕ್ರೂ ಹೊಡೆದ ಮರದ ಬಾಗಿಲು. ಕಲ್ಲಿನ ಗೋಡೆಯೆಂದು ತೋರಿಸಲು ಬೆರಳು ದಪ್ಪದ ಕಲ್ಲಿನ ಚೂರುಗಳು. ಎಲ್ಲಕ್ಕೂ ಮೇಲೆ ಒಂದು ಹೊಗೆಗೂಡು. ಕೆಳಗೆ ಒಲೆಯಿಲ್ಲ, ಅಡುಗೆ ಗ್ಯಾಸಿನಲ್ಲಿ. ಎಷ್ಟೋ ಕಡೆ ಆ ಹೊಗೆಗೂಡಿನೊಳಗೆ ನೀರಿನ ಟ್ಯಾಂಕು ಕೂತಿರುತ್ತದೆ. ಇಡೀ ಎಲಿವೇಶನ್‌ನಲ್ಲಿ ಕೆಲಸ ಮಾಡುವ ಭಾಗ ಅದೊಂದೇ ಎಂಬ ಕಾರಣಕ್ಕೆ ಅದನ್ನು ಮನ್ನಿಸಬಹುದು.

ಆಸೆಯಲ್ಲಿ ತಪ್ಪಿಲ್ಲ. ಠಾಣೆಯ ಹದಿನಾಲ್ಕನೇ ಮಹಡಿಯಲ್ಲಿ ಬೆಳೆಯುವ ಮಗುವಿಗೂ ಮನೆಯ ಚಿತ್ರ ಬರೆ ಎಂದರೆ ಚೌಕದ ಮೇಲೊಂದು ತ್ರಿಕೋನವನ್ನೇ ಬರೆಯುತ್ತದೆ. ಇಳಿಜಾರು ಮಾಡು, ಬಾಗಿಲ ಮುಂದೆ ಸ್ವಲ್ಪ ನೆರಳು, ಗೋಡೆಗೆ ಹಬ್ಬಿದ ಬಳ್ಳಿ, ಇಷ್ಟು ಬೇಕೆನ್ನುವುದು ಸಹಜ. ತಕರಾರು ಇರುವುದು ಆ ಆಸೆಗೆ ಬದಲಾಗಿ ಕೈಗೆ ಸಿಗುವ ಸರಕಿನ ಬಗ್ಗೆ. ಅದಕ್ಕಾಗಿ ಇಪ್ಪತ್ತು ವರ್ಷದ ಸಾಲ ತೀರಿಸುವವರು ಇದನ್ನು ಕೇಳಿಸಿಕೊಳ್ಳಬೇಕು.

ಕಾಟೇಜ್ ಎಂಬ ಶೈಲಿ ಹುಟ್ಟಿದ್ದೇ ಬಡವರ ಮನೆಯನ್ನು ದೂರದಿಂದ ನೋಡಿದವರ ಕಣ್ಣಿನಲ್ಲಿ. 1783ರಲ್ಲಿ ಫ್ರಾನ್ಸಿನ ರಾಣಿ ಮರಿ ಆಂಟೊನೆಟ್‌ಗಾಗಿ ವರ್ಸೇಲ್ಸ್ ಅರಮನೆಯ ತೋಟದಲ್ಲಿ ರಿಷಾರ್ ಮೀಕ್ ಎಂಬ ವಾಸ್ತುಶಿಲ್ಪಿ ಒಂದು ಹಳ್ಳಿಯನ್ನೇ ಕಟ್ಟಲು ಶುರುಮಾಡಿದ. ಹುಲ್ಲಿನ ಮಾಡು, ಗಿರಣಿ, ಹಾಲಿನ ಮನೆ ಎಲ್ಲವೂ ಇದ್ದವು. ಗೋಡೆ ಹಳತಾಗುವವರೆಗೆ ಕಾಯುವ ವ್ಯವಧಾನವಿರಲಿಲ್ಲ. ಬಿರುಕುಗಳನ್ನೂ ಸವೆದ ಇಟ್ಟಿಗೆಯನ್ನೂ ಬಣ್ಣದಲ್ಲಿ ಬರೆಸಿದರು. 1811ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಹತ್ತಿರ, ಬ್ಲೇಸ್ ಹ್ಯಾಮ್ಲೆಟ್ ಎಂಬಲ್ಲಿ, ಹಾರ್ಫರ್ಡ್ ಎಂಬ ಬ್ಯಾಂಕರ್ ತನ್ನ ಎಸ್ಟೇಟಿನ ನಿವೃತ್ತ ಆಳುಗಳಿಗಾಗಿ ಒಂಬತ್ತು ಕಾಟೇಜು ಕಟ್ಟಿಸಿದ. ವಿನ್ಯಾಸ ಜಾನ್ ನ್ಯಾಶ್‌ನದು. ಒಂದರಂತೆ ಇನ್ನೊಂದಿಲ್ಲ, ಹೊಗೆಗೂಡುಗಳಂತೂ ಒಂದಕ್ಕಿಂತ ಒಂದು ಚಂದ. ಇಂದಿಗೂ 'ಕಾಟೇಜ್' ಎಂದಾಗ ಮನಸ್ಸಿಗೆ ಬರುವ ಚಿತ್ರದಲ್ಲಿ ಹೆಚ್ಚಿನದು ಅಲ್ಲಿಂದ ಬಂದದ್ದು. ಇದೇ ನ್ಯಾಶ್ ಕೆಲವೇ ವರ್ಷಗಳ ನಂತರ ಬ್ರೈಟನ್‌ನಲ್ಲಿ ರಾಜಕುಮಾರನ ಅರಮನೆಗೆ ಭಾರತದ ಮಾದರಿಯದೆನ್ನುವ ಗುಮ್ಮಟಗಳನ್ನು ಏರಿಸಿದ. ಆತ ಭಾರತಕ್ಕೆ ಕಾಲಿಟ್ಟವನೂ ಅಲ್ಲ. ಕಾಟೇಜಾಗಲಿ ಗುಮ್ಮಟವಾಗಲಿ ಅವನಿಗೆ ಪೆಟ್ಟಿಗೆಯಲ್ಲಿದ್ದ ವೇಷಗಳು. ಎರಡು ಶತಮಾನದ ನಂತರ ಪುಣೆಯ ಕುಟುಂಬವೊಂದು 'ಅಸಲಿ ಹಳೆಯ ಕಾಲದ್ದು' ಎಂದು ದುಡ್ಡು ಕೊಟ್ಟು ತರುವುದು ಈ ವೇಷದ ನಕಲನ್ನು.

ವೇಷಕ್ಕೆ ಮೂಲವಾದ ನಿಜವಾದ ಹಳ್ಳಿ ಮನೆಯಲ್ಲಿ ಮಾತ್ರ ಪ್ರತಿಯೊಂದಕ್ಕೂ ಕೆಲಸವಿತ್ತು. ಹುಲ್ಲಿನ ಮಾಡು ಅಷ್ಟು ಕಡಿದಾಗಿರುವುದು ಚಂದಕ್ಕಲ್ಲ; 45 ಡಿಗ್ರಿಗಿಂತ ಕಡಿಮೆ ಇಳಿಜಾರಾದರೆ ನೀರು ಬೇಗ ಜಾರದೆ ಹುಲ್ಲು ಕೊಳೆಯುತ್ತದೆ. ಕಿಟಕಿಯ ಗಾಜು ಚೂರು ಚೂರಾಗಿರುವುದು ಆ ಕಾಲದಲ್ಲಿ ದೊಡ್ಡ ಗಾಜು ಮಾಡುವುದು ಕಷ್ಟ, ಕೊಳ್ಳುವುದು ಇನ್ನೂ ಕಷ್ಟ ಎಂಬುದಕ್ಕೆ. ಗೋಡೆ ದಪ್ಪವಾಗಿರುವುದು ಅದು ಮಣ್ಣಿನದಾದ್ದರಿಂದ. ಹೊಗೆಗೂಡು ದೊಡ್ಡದಾಗಿರುವುದು ಒಳಗೆ ಚಳಿಗೆ ನಡುಗುವವರಿದ್ದದ್ದರಿಂದ. ಚಂದವೆಂಬುದು ಈ ಕಷ್ಟಗಳ ಬೆನ್ನಿಗೆ ಬಂದದ್ದು.

ಆ ಕಷ್ಟಗಳು ಇಲ್ಲಿಯವಲ್ಲ. ಲಂಡನ್ನಿನಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಲೋಣಾವಳದಲ್ಲಿ 4,000 ದಾಟುತ್ತದೆ, ಅದೂ ಹೆಚ್ಚುಕಡಿಮೆ ನಾಲ್ಕೇ ತಿಂಗಳಲ್ಲಿ. ಅಲ್ಲಿ ಮನೆ ಬಿಸಿಲಿಗೆ ಮೈಯೊಡ್ಡಲು ಹಂಬಲಿಸುತ್ತದೆ, ಇಲ್ಲಿ ಬಿಸಿಲಿನಿಂದ ತಪ್ಪಿಸಿಕೊಳ್ಳಲು. ಹಾಗಾಗಿ ಇಲ್ಲಿ ಮನೆಯ ಹೊರರೂಪವನ್ನು ನಿರ್ಧರಿಸಬೇಕಾದದ್ದು ಸೂರು. ಅದು ಗೋಡೆಯಿಂದ ಎಷ್ಟು ಮುಂದೆ ಚಾಚಿದೆ, ಎಷ್ಟು ಕೆಳಗೆ ಇಳಿದಿದೆ ಎಂಬುದು. ಮಲೆನಾಡಿನ ಮನೆಗೆ ಆ ಕಳೆ ಬಂದದ್ದು ಅಲ್ಲಿಂದ: ಬಗ್ಗಿ ಒಳಬರಬೇಕಾದಷ್ಟು ತಗ್ಗಿನ ಸೂರು, ಅದರಡಿ ಜಗಲಿ, ಮಳೆಗಾಲಕ್ಕೆ ಇರಚಲು ತಡೆಯಲು ಕಟ್ಟುವ ತಟ್ಟಿ. ಎಲಿವೇಶನ್ ಮಾಡಿಸುವವರು ಮೊದಲು ಕತ್ತರಿಸುವುದು ಸೂರನ್ನೇ. ಗೋಡೆಯ ಅಲಂಕಾರ ಮರೆಯಾಗುತ್ತದೆ ಎಂಬುದು ಒಂದು ಕಾರಣ. ಅಂಗುಲ ಅಂಗುಲವನ್ನೂ ಕೋಣೆಗೆ ಸೇರಿಸಿಕೊಳ್ಳಬೇಕೆಂಬುದು ಇನ್ನೊಂದು. ಆಮೇಲೆ ಪಡುವಣ ಬಿಸಿಲು ಕೋಣೆಗೆ ನುಗ್ಗುತ್ತದೆ, ಏಸಿ ಬರುತ್ತದೆ, ಏಸಿಯ ಹೊರಪೆಟ್ಟಿಗೆ ಕಲ್ಲಿನ ಚೂರಿನ ನಡುವೆ ನೇತಾಡುತ್ತದೆ.

ಹೆಂಚಿನ ಕತೆಯೂ ಹಾಗೆಯೇ. ಪಕಾಸಿ, ರೀಪುಗಳ ಮೇಲೆ ಸುಮ್ಮನೆ ಹೊದಿಸಿದ ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತದೆ. ಒಂದು ಒಡೆದರೆ ಅದೊಂದನ್ನೇ ಎತ್ತಿ ಬೇರೆ ಇಡಬಹುದು. ಸ್ಲ್ಯಾಬಿನ ಮೇಲೆ ಸಿಮೆಂಟಿನಲ್ಲಿ ಹೂತ ಹೆಂಚಿಗೆ ಎರಡೂ ಇಲ್ಲ. ಒಡೆದದ್ದನ್ನು ಉಳಿಯಿಂದ ಕೆತ್ತಿ ತೆಗೆಯಬೇಕು, ಕೆತ್ತುವಾಗ ಪಕ್ಕದ್ದೂ ಬಿರಿಯುತ್ತದೆ.

ಹಾಗಾದರೆ 'ನಮ್ಮದೇ' ಶೈಲಿಗೆ ಮರಳಬೇಕೆ? ಆ ಮಾತೂ ಅಷ್ಟು ಸಲೀಸಲ್ಲ. ಮಂಗಳೂರು ಹೆಂಚು ಅಜ್ಜನ ಕಾಲದ್ದೆಂದು ಹೇಳುವವರು, ಅದನ್ನು ಕಾರ್ಖಾನೆಯಲ್ಲಿ ಮಾಡಲು ಶುರುಮಾಡಿದ್ದು 1865ರಲ್ಲಿ, ಜೆಪ್ಪುವಿನಲ್ಲಿ, ಬಾಸೆಲ್ ಮಿಷನ್ನಿನವರು ಎಂಬುದನ್ನು ನೆನೆಯಬೇಕು. ಬೆಂಗಳೂರಿನ ದಂಡುಪ್ರದೇಶದ ಬಂಗಲೆಗಳ 'ಮಂಕಿ ಟಾಪ್' ಕೂಡ ಅಪ್ಪಟ ಸ್ಥಳೀಯವಲ್ಲ. ಆದರೂ ಕಿಟಕಿಯ ಮೇಲೆ ಮುಂಚಾಚಿದ ಆ ಚೂಪು ಮರದ ಕೊಡೆ ಮಳೆಯನ್ನೂ ಬಿಸಿಲನ್ನೂ ನಿಜವಾಗಿ ತಡೆಯುತ್ತಿತ್ತು. ಹೊರಗಿನಿಂದ ಬಂದದ್ದು ತಪ್ಪಲ್ಲ. ಬಂದು ಕೆಲಸಕ್ಕೆ ಹತ್ತಿತು ಎಂಬ ಕಾರಣಕ್ಕೆ ಎರಡೂ ಉಳಿದವು.

ಹಳೆಯ ಮನೆಯಲ್ಲಿ ಬಾಳಿದವರನ್ನು ಕೇಳಿದರೆ ಹಂಬಲಿಕೆಯ ಬಿಸಿ ಇನ್ನಷ್ಟು ಇಳಿಯುತ್ತದೆ. ಮಳೆಗಾಲಕ್ಕೆ ಮುಂಚೆ ಮಾಡು ಹತ್ತಿ ಹೆಂಚು ಕೈಯಾಡಿಸುವ ಕೆಲಸ, ಗೆದ್ದಲು, ಅಟ್ಟದ ಇಲಿ, ಹಾಡಹಗಲೇ ದೀಪ ಬೇಕಾದ ಅಡುಗೆಮನೆ. ಆ ಕತ್ತಲೆಯಲ್ಲಿ ಹೊಗೆ ಕುಡಿದು ಕೆಮ್ಮಿದ ಹೆಂಗಸರಲ್ಲಿ ಯಾರೂ ಅದನ್ನು 'ಚಾರ್ಮಿಂಗ್' ಎಂದವರಲ್ಲ. ಜಗಲಿಯೂ ಅಮಾಯಕವಾಗಿರಲಿಲ್ಲ. ಯಾರು ಅಂಗಳದಲ್ಲೇ ನಿಲ್ಲಬೇಕು, ಯಾರು ಜಗಲಿಯವರೆಗೆ ಬರಬಹುದು, ಯಾರು ಹೊಸ್ತಿಲು ದಾಟಬಹುದು ಎಂದು ಜಾತಿ ಎಳೆದ ಗೆರೆ ಆ ಮೆಟ್ಟಿಲುಗಳ ಮೇಲೇ ಇತ್ತು. ಜಗಲಿಯನ್ನು ಮತ್ತೆ ಕಟ್ಟಿಸುವವರು ಇದನ್ನು ತಿಳಿದುಕೊಂಡೇ ಕಟ್ಟಿಸಲಿ. ಕೊರಿಯರ್ ತರುವ ಹುಡುಗ, ಮನೆಗೆಲಸದಾಕೆ ಯಾವ ಅಂಜಿಕೆಯೂ ಇಲ್ಲದೆ ಹತ್ತು ನಿಮಿಷ ಕೂರುವ ಜಗಲಿಯಾದರೆ ಅದು ಹಳೆಯದರ ನಕಲಲ್ಲ, ಹೊಸದು.

ಹೆಚ್ಚು ಕೋಪ ಬರಬೇಕಾದದ್ದು ಇನ್ನೊಂದಕ್ಕೆ. ನಕಲಿ ಸಾಲದೆನ್ನುವ ಹಣವಂತರು 'ಅಸಲಿ'ಯನ್ನೇ ಕೊಳ್ಳುತ್ತಾರೆ. ಕಾರೈಕುಡಿಯ ಹಳೆ ಸಾಮಾನಿನ ಅಂಗಡಿಗಳಲ್ಲಿ ಚೆಟ್ಟಿನಾಡಿನ ಮನೆಗಳ ಕಂಬ, ಬಾಗಿಲು ಸಾಲಾಗಿ ನಿಂತಿರುತ್ತವೆ. ಪುಣೆಯ ವಾಡೆಗಳು ಉರುಳಿದಾಗ ಅವುಗಳ ತೊಲೆ, ಕಂಬಗಳು ಬೇರೆ ಯಾರದೋ ಹಜಾರಕ್ಕೆ ಹೋಗುತ್ತವೆ. ಬೀಳುವ ಮನೆಯ ಮರ ಉಳಿಯಿತಲ್ಲ ಎಂಬ ಸಮಾಧಾನಕ್ಕೆ ಒಂದು ಮಿತಿಯಿದೆ. ನಿಂತ ಮನೆಗಿಂತ ಬಿಚ್ಚಿದ ಮನೆಗೆ ಬೆಲೆ ಹೆಚ್ಚಾದ ದಿನ, ಇನ್ನೂ ರಿಪೇರಿ ಮಾಡಿಸಿ ಇರಬಹುದಾಗಿದ್ದ ಮನೆಯನ್ನೂ ಅಣ್ಣತಮ್ಮಂದಿರು ಬಿಚ್ಚಿ ಮಾರುತ್ತಾರೆ. ಭಾರ ಹೊರದ ಆ ಕಂಬ ಹೊಸ ಮನೆಯಲ್ಲಿ ಫಾಲ್ಸ್ ಸೀಲಿಂಗಿನ ಕೆಳಗೆ ಸುಮ್ಮನೆ ನಿಲ್ಲುತ್ತದೆ.

ಇಂಗ್ಲಿಷ್ ಕಾಟೇಜ್ ಕಟ್ಟುವ ಹಕ್ಕು ಈ ದೇಶದಲ್ಲಿ ಯಾರಿಗಾದರೂ ಇದ್ದಿದ್ದರೆ ಲಾರಿ ಬೇಕರ್‌ಗೆ ಇತ್ತು. 1917ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ, ತಿರುವನಂತಪುರದಲ್ಲಿ ನೆಲೆಸಿ, 2007ರಲ್ಲಿ ಅಲ್ಲೇ ತೀರಿಕೊಂಡ ಬೇಕರ್ ತಮ್ಮ ಮನೆಗೆ 'ಹ್ಯಾಮ್ಲೆಟ್' ಎಂದೇ ಹೆಸರಿಟ್ಟಿದ್ದರು. ಆದರೆ ಕಟ್ಟಿದ್ದು ಅಲ್ಲಿನ ಇಟ್ಟಿಗೆಯಲ್ಲಿ, ಅಲ್ಲಿನ ಹೆಂಚಿನಲ್ಲಿ, ಗುಡ್ಡದ ಇಳಿಜಾರು ಹೇಗಿತ್ತೋ ಹಾಗೆ. ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಟೊಳ್ಳು ಬಿಡುವ ಅವರ ಗೋಡೆಗೆ ಇಟ್ಟಿಗೆ ಸುಮಾರು ಕಾಲು ಭಾಗ ಕಡಿಮೆ ಸಾಕು, ಆ ಟೊಳ್ಳು ಸೆಕೆಯನ್ನೂ ತಡೆಯುತ್ತದೆ. ಹೊರಗೆ ಗಾರೆಯಿಲ್ಲ, ಅಂಟಿಸಿದ್ದು ಏನೂ ಇಲ್ಲ. ಸ್ಲ್ಯಾಬ್ ಬೇಕಾದಲ್ಲಿ ಅದರ ಹೊಟ್ಟೆಯೊಳಗೆ ಹೆಂಚನ್ನಿಟ್ಟು ಕಾಂಕ್ರೀಟನ್ನೇ ಕಡಿಮೆ ಮಾಡಿದರು. ಆ ಮನೆಗಳನ್ನು ನೋಡಿದವರು ಮುದ್ದಾಗಿವೆ ಎನ್ನುತ್ತಾರೆ. ಬೇಕರ್ ಆ ಮುದ್ದಿಗೆಂದು ಬೇರೆ ಖರ್ಚು ಮಾಡಲಿಲ್ಲ.

ಕಟ್ಟಿಸುವವರು ಎಲಿವೇಶನ್ ಚಿತ್ರ ಮುಂದಿಟ್ಟವರನ್ನು ಎರಡು ಮಾತು ಕೇಳಬಹುದು. ಮನೆಯನ್ನು ಮೇಲಿಂದ ಕೆಳಗೆ ಸೀಳಿದಂತೆ ತೋರಿಸುವ ಸೆಕ್ಷನ್ ಎಲ್ಲಿ, ಅದರಲ್ಲಿ ಸೂರು ಎಷ್ಟು ಅಡಿ ಚಾಚಿದೆ? ಮೂರು ಅಡಿಗಿಂತ ಕಡಿಮೆಯಾದರೆ ಮತ್ತೆ ಬರೆಸಬೇಕು. ನಿವೇಶನ ಚಿಕ್ಕದಾದರೆ ಕೋಣೆ ಸಣ್ಣದಾಗಲಿ. ಎರಡನೆಯದು, ಹಿಂಗೋಡೆಯ ಚಿತ್ರ ಎಲ್ಲಿ? ವಾಷಿಂಗ್ ಮೆಷಿನ್, ಗ್ಯಾಸ್ ಸಿಲಿಂಡರ್, ಪಾತ್ರೆ ತೊಳೆಯುವ ಜಾಗ, ಜುಲೈನಲ್ಲಿ ಬಟ್ಟೆ ಒಣಗಿಸುವ ಹಗ್ಗ, ಇವಕ್ಕೆ ಕಾಟೇಜಿನ ಚಿತ್ರದಲ್ಲಿ ಎಡೆಯಿರುವುದಿಲ್ಲ. ಲೋಣಾವಳದ ಮಳೆಯಲ್ಲಿ, ಗೋಡೆಗೆ ಸ್ಕ್ರೂ ಹೊಡೆದ ಆ ಕಿಟಕಿ ಬಾಗಿಲಿನ ಮೂಲೆಗೆ ಕೊನೆಗೆ ಒದ್ದೆ ಟವೆಲು ನೇತುಬೀಳುತ್ತದೆ. ಕಟ್ಟಿದಂದಿನಿಂದ ಅದಕ್ಕೆ ಸಿಕ್ಕಿದ ಮೊದಲ ಕೆಲಸ ಅದು.