ಮಂಗರವಳ್ಳಿಯೂ ಸ್ನಾಯುರಜ್ಜುವಿನ ನೋವೂ

ಮುರಿದ ಮೂಳೆಯನ್ನು ಕೂಡಿಸುವುದೆಂದು ಹೆಸರಾದ ಮಂಗರವಳ್ಳಿಯು ಇಂದು ಸ್ನಾಯುರಜ್ಜುವಿನ ನೋವಿಗೂ ಮದ್ದೆಂದು ಮಾರಾಟವಾಗುತ್ತಿದೆ. ಇದಕ್ಕೆ ಆಧಾರವೇನು? ಕಾಶಿಯ ಕೆ. ಎನ್. ಉಡುಪ ಮತ್ತು ಜಿ. ಪ್ರಸಾದರು 1964ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಪ್ರಾಣಿಗಳ ಮುರಿದ ಮೂಳೆ ಇದರಿಂದ ಬೇಗ ಕೂಡಿತು. ಆದರೆ ಮೂಳೆಯಲ್ಲಿ ರಕ್ತಸಂಚಾರ ಹೇರಳ, ರಜ್ಜುವಿನಲ್ಲಿ ವಿರಳ. ಒಂದರ ಫಲವನ್ನು ಇನ್ನೊಂದಕ್ಕೆ ಆರೋಪಿಸಲಾಗದು.

2013ರಲ್ಲಿ ಅಮೆರಿಕದಲ್ಲಿ ಕಠಿಣ ವ್ಯಾಯಾಮದಿಂದ ಕೀಲುನೋವಿಗೆ ಗುರಿಯಾದ 29 ಪುರುಷರು ಇದನ್ನು 8 ವಾರ ಸೇವಿಸಿದರು, ನೋವು ತಗ್ಗಿತು. ಆದರೆ ಹೋಲಿಸಿ ನೋಡಲು ಹುಸಿಮದ್ದನ್ನು ಪಡೆದ ಗುಂಪು ಅಲ್ಲಿರಲಿಲ್ಲ. ಇಂತಹ ನೋವು ತಾನಾಗಿಯೂ ತಗ್ಗಬಹುದಷ್ಟೆ! ತಕ್ಕಡಿಯ ಮುಳ್ಳನ್ನು ಸೊನ್ನೆಗೆ ತರದೆ ತೂಗಿದಂತಾಯಿತು.

ಕ್ರಮವಾಗಿ ಭಾರವನ್ನು ಹೆಚ್ಚಿಸುವ ವ್ಯಾಯಾಮಕ್ಕೆ ರಜ್ಜುವಿನ ನೋವಿನಲ್ಲಿ ಇದಕ್ಕಿಂತ ಬಲವಾದ ಪ್ರಮಾಣವುಂಟು. ಅದನ್ನು ತೊರೆದು ಪುಡಿಯನ್ನೇ ನಂಬಿದ ತರುಣ ಆಟಗಾರನಿಗೆ ನಷ್ಟವೇ ಸರಿ. ಮಂಗರವಳ್ಳಿಯನ್ನು ಹಳಿಯುವುದೂ ಬೇಡ, ಹೊಗಳುವುದೂ ಬೇಡ; ತಕ್ಕ ಪರೀಕ್ಷೆಗೆ ಒಡ್ಡೋಣ.